ಕಪಾಟಿನಲ್ಲಿರುವ ಹಳೆಯ ಡಿಸ್ಕ್‌ಗಳ ಕುರಿತು

ಮಾನ್ಯ ಸಂಪಾದಕರೇ,

ದತ್ತಾಂಶ ಸೋರಿಕೆಯ ಸುದ್ದಿ ಬಂದಾಗಲೆಲ್ಲ ಚರ್ಚೆಯು ನಿತ್ಯ ಬಳಕೆಯ ಸರ್ವರ್‌ಗಳು ಮತ್ತು ಹ್ಯಾಕರ್‌ಗಳ ಸುತ್ತಲೇ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಟೇಪಿಗೋ ಹಾರ್ಡ್ ಡಿಸ್ಕಿಗೋ ಕ್ಲೌಡ್‌ನ ಯಾವುದೋ ಮೂಲೆಗೋ ಸೇರಿಹೋದ ಹಳೆಯ ದಾಖಲೆಗಳ ಮಾತನ್ನು ಎತ್ತುವವರು ಕಡಿಮೆ. ಹಲವು ವರ್ಷ ಕಚೇರಿಯೊಂದರ ಬ್ಯಾಕಪ್ ಕೆಲಸ ನೋಡಿಕೊಂಡ ನನಗೆ, ಎನ್‌ಕ್ರಿಪ್ಷನ್ ಅಥವಾ ಗೂಢಲಿಪೀಕರಣ ಮಾಡದೆ ಕೂಡಿಟ್ಟ ಈ ಹಳೆಯ ರಾಶಿಯೇ ಹೆಚ್ಚಿನ ಆತಂಕದ ವಿಷಯವಾಗಿ ಕಾಣುತ್ತದೆ.

ಬಳಕೆಯಲ್ಲಿರುವ ದತ್ತಾಂಶಕ್ಕೆ ಏನಾದರೂ ಆದರೆ ಅದೇ ದಿನ ಯಾರಾದರೊಬ್ಬರು ದೂರು ಕೊಡುತ್ತಾರೆ. ಸಂಗ್ರಹಕ್ಕೆ ಸೇರಿದ ದತ್ತಾಂಶವನ್ನು ಯಾರೂ ತೆರೆಯುವುದಿಲ್ಲವಾದ್ದರಿಂದ, ಅದರ ಪ್ರತಿಯನ್ನು ಯಾರೋ ಒಯ್ದರೂ ಮೂಲವು ಇದ್ದಲ್ಲೇ ಇರುತ್ತದೆ ಮತ್ತು ಕಳವಾಗಿದೆ ಎಂಬುದೇ ಗೊತ್ತಾಗುವುದಿಲ್ಲ. ಮ್ಯಾರಿಯಟ್ ಹೋಟೆಲ್ ಸಮೂಹವು ಮುಂದೆ ಖರೀದಿಸಿದ ಸ್ಟಾರ್‌ವುಡ್ ಹೋಟೆಲ್ ಸಂಸ್ಥೆಯ ಕಾಯ್ದಿರಿಸುವಿಕೆಯ ದಾಖಲೆಗಳೊಳಗೆ 2014ರಲ್ಲೇ ನುಸುಳಿದ್ದವರು ಪತ್ತೆಯಾದದ್ದು 2018ರಲ್ಲಿ. ಅಲ್ಲಿದ್ದ ಪಾಸ್‌ಪೋರ್ಟ್ ಸಂಖ್ಯೆಗಳ ಪೈಕಿ ಸುಮಾರು 52.5 ಲಕ್ಷ ಸಂಖ್ಯೆಗಳು ಗೂಢಲಿಪಿಯಲ್ಲಿರದೆ ನೇರವಾಗಿ ಓದುವಂತಿದ್ದವು.

‘ನಮ್ಮಲ್ಲಿ ಪಾಸ್‌ವರ್ಡ್ ಇದೆ’ ಎಂಬ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಕಂಪ್ಯೂಟರಿನ ಪಾಸ್‌ವರ್ಡ್ ಆ ಕಂಪ್ಯೂಟರನ್ನು ಪ್ರವೇಶಿಸುವುದಕ್ಕೆ ಮಾತ್ರ ತಡೆ. ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಒಳಗಿನದ್ದೆಲ್ಲ ಇದ್ದಂತೆಯೇ ಕಾಣುತ್ತದೆ. ಗೂಢಲಿಪೀಕರಣವಾದರೋ ಬರಹವನ್ನೇ ಬದಲಿಸಿಬಿಡುವುದರಿಂದ, ಅದನ್ನು ಮತ್ತೆ ಓದುವಂತೆ ಮಾಡುವ ರಹಸ್ಯ ಸಂಕೇತ, ಅಂದರೆ ಕೀಲಿ, ಇಲ್ಲದವನ ಕೈಗೆ ಅರ್ಥವಿಲ್ಲದ ಅಕ್ಷರಗಳಷ್ಟೇ ಸಿಗುತ್ತವೆ. 2007ರಲ್ಲಿ ಬ್ರಿಟನ್ನಿನ ಕಂದಾಯ ಇಲಾಖೆಯು ಅಂಚೆಯಲ್ಲಿ ಕಳುಹಿಸಿದ ಎರಡು ಸಿ.ಡಿ.ಗಳು ಕಾಣೆಯಾದವು. ಮಕ್ಕಳ ಭತ್ಯೆಗೆ ಸಂಬಂಧಿಸಿದ ಸುಮಾರು 2.5 ಕೋಟಿ ಜನರ ವಿವರಗಳು ಅವುಗಳಲ್ಲಿದ್ದವು. ಪಾಸ್‌ವರ್ಡ್ ಇತ್ತು, ಗೂಢಲಿಪೀಕರಣ ಇರಲಿಲ್ಲ.

ಬಳಸಿ ಬಿಟ್ಟ ಯಂತ್ರಗಳ ಕಥೆ ಇದಕ್ಕಿಂತಲೂ ಬೇಸರ ತರಿಸುವಂಥದ್ದು. ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟಾನ್ಲಿಯು ತನ್ನ ಹಳೆಯ ಹಾರ್ಡ್ ಡಿಸ್ಕ್ ಮತ್ತು ಸರ್ವರ್‌ಗಳ ವಿಲೇವಾರಿಯನ್ನು, ದತ್ತಾಂಶ ಅಳಿಸುವ ಕೆಲಸದಲ್ಲಿ ಅನುಭವವೇ ಇಲ್ಲದ ಸಾಮಾನು ಸಾಗಣೆ ಕಂಪನಿಯೊಂದಕ್ಕೆ ವಹಿಸಿತ್ತು; ಅವುಗಳಲ್ಲಿ ಕೆಲವು, ಗ್ರಾಹಕರ ವಿವರಗಳ ಸಮೇತ, ಅಂತರ್ಜಾಲದ ಹರಾಜಿನಲ್ಲಿ ಮಾರಾಟವಾದವು. ಸಂಸ್ಥೆಯ ಬೇರೆ 42 ಸರ್ವರ್‌ಗಳು ಲೆಕ್ಕಕ್ಕೇ ಸಿಗಲಿಲ್ಲ. ಅಂಥ ಸಾಧನಗಳಲ್ಲಿ ಗೂಢಲಿಪೀಕರಣದ ಸೌಲಭ್ಯವಿದ್ದರೂ ಅದನ್ನು ವರ್ಷಗಟ್ಟಲೆ ಚಾಲೂ ಮಾಡಿರಲೇ ಇಲ್ಲವೆಂಬುದು ಆಮೇಲೆ ತಿಳಿಯಿತು. 2022ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗವು ವಿಧಿಸಿದ ದಂಡ 3.5 ಕೋಟಿ ಡಾಲರ್. ಇದ್ದ ಸೌಲಭ್ಯವನ್ನು ಬಳಸದಿರುವುದನ್ನು ತಂತ್ರಜ್ಞಾನದ ಕೊರತೆ ಎನ್ನಲಾಗದು.

ಹಳೆಯ ದತ್ತಾಂಶಕ್ಕೆ ಬೆಲೆಯಿಲ್ಲವೆಂಬ ಭಾವನೆಯೂ ತಪ್ಪು. ಸೋರಿದ ಪಾಸ್‌ವರ್ಡನ್ನು ಬದಲಿಸಬಹುದು; ಜನ್ಮದಿನಾಂಕವನ್ನಾಗಲಿ ಬೆರಳಚ್ಚನ್ನಾಗಲಿ ಹತ್ತು ವರ್ಷದ ಹಿಂದಿನ ಕಾಯಿಲೆಯನ್ನಾಗಲಿ ಬದಲಿಸಲಾಗದು. ಫಿನ್ಲೆಂಡಿನ ಮನೋಚಿಕಿತ್ಸಾ ಸಂಸ್ಥೆ ವಾಸ್ತಾಮೊದಿಂದ ಕಳವಾದ, ಗೂಢಲಿಪಿಯಲ್ಲಿರದ ಟಿಪ್ಪಣಿಗಳನ್ನು ಹಿಡಿದುಕೊಂಡು 2020ರಲ್ಲಿ ದುಷ್ಕರ್ಮಿಯು ಸಂಸ್ಥೆಯನ್ನಷ್ಟೇ ಅಲ್ಲದೆ ರೋಗಿಗಳನ್ನೂ ಒಬ್ಬೊಬ್ಬರನ್ನಾಗಿ ಬೆದರಿಸಿ ಹಣ ಕೇಳಿದ.

ಗೂಢಲಿಪೀಕರಣದಿಂದ ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪ ಈಗ ಹುರುಳಿಲ್ಲದ್ದು. ಎಇಎಸ್ ಎಂಬ ಗೂಢಲಿಪೀಕರಣದ ಮಾನದಂಡ ಬಂದದ್ದು 2001ರಲ್ಲಿ. ಇಂದಿನ ಸಾಮಾನ್ಯ ಪ್ರೊಸೆಸರ್‌ಗಳಲ್ಲೂ ಬ್ಯಾಕಪ್ ಟೇಪು ಬರೆಯುವ ಯಂತ್ರಗಳಲ್ಲೂ ಅದಕ್ಕೆ ಬೇಕಾದ ವ್ಯವಸ್ಥೆ ಒಳಗೇ ಇದೆ. ಆದರೆ ಕೀಲಿ ಕಳೆದುಹೋದರೆ ದಾಖಲೆಯೂ ಹೋದಂತೆ ಎಂಬ ಇನ್ನೊಂದು ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆ ಭಯದಿಂದಲೇ ನಮ್ಮ ಕಚೇರಿಯಲ್ಲಿ ಡಿಸ್ಕಿನ ಕೀಲಿಪದವನ್ನು ಚೀಟಿಯಲ್ಲಿ ಬರೆದು ಆ ಡಿಸ್ಕಿನ ಪೆಟ್ಟಿಗೆಗೇ ಅಂಟಿಸಿದ್ದೆವು. ಅಂಟಿಸಿದವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕು. ಕೀಲಿಯನ್ನು ದತ್ತಾಂಶವಿರುವ ಸ್ಥಳದಿಂದ ದೂರವಿಡುವುದು, ಅದರ ಪ್ರತಿಗಳು ಹೊಣೆಗಾರರಾದ ಇಬ್ಬರ ಬಳಿಯಾದರೂ ಇರುವಂತೆ ನೋಡಿಕೊಳ್ಳುವುದು, ವರ್ಷಕ್ಕೊಮ್ಮೆಯಾದರೂ ಆ ಕೀಲಿಯಿಂದ ಹಳೆಯ ಬ್ಯಾಕಪ್ಪನ್ನು ನಿಜಕ್ಕೂ ತೆರೆದು ನೋಡುವುದು, ನೌಕರರು ಕೆಲಸ ಬಿಟ್ಟಾಗ ಕೀಲಿಯ ಹಸ್ತಾಂತರವನ್ನು ದಾಖಲಿಸುವುದು, ಇವೆಲ್ಲ ಶಿಸ್ತನ್ನು ಬೇಡುತ್ತವೆಯೇ ಹೊರತು ದೊಡ್ಡ ವೆಚ್ಚವನ್ನಲ್ಲ. ಇದರಿಂದ ಇನ್ನೊಂದು ಲಾಭವೂ ಉಂಟು: ಅವಧಿ ಮುಗಿದ ದಾಖಲೆಗಳ ಪ್ರತಿಗಳು ಎಲ್ಲೆಲ್ಲಿ ಚದುರಿದ್ದರೂ, ಕೀಲಿಯ ಎಲ್ಲ ಪ್ರತಿಗಳನ್ನು ನಾಶಪಡಿಸಿದರೆ ಆ ದಾಖಲೆಗಳೂ ಒಮ್ಮೆಲೇ ಓದಲಾಗದಂತಾಗುತ್ತವೆ. ಇಡಬೇಕಾದ ಅಗತ್ಯವೇ ಇಲ್ಲದ್ದನ್ನು ಮೊದಲೇ ಅಳಿಸುವುದು ಇನ್ನೂ ಒಳ್ಳೆಯದು.

ಜನರ ವಿವರಗಳನ್ನು ಕೂಡಿಡುವ ಯಾವುದೇ ಸಂಸ್ಥೆಯ ವಾರ್ಷಿಕ ತಪಾಸಣೆಯಲ್ಲಿ ಒಂದು ಸರಳ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಕೋರಿಕೆ. ತಪಾಸಕರು ಉಗ್ರಾಣದಿಂದ ತಮಗೆ ತೋಚಿದ ಒಂದು ಹಳೆಯ ಡಿಸ್ಕನ್ನು ತಾವೇ ಆರಿಸಿ, ಹೊರಗಿನ ಕಂಪ್ಯೂಟರಿಗೆ ಜೋಡಿಸಿ, ಅದು ಕೀಲಿಯಿಲ್ಲದೆ ತೆರೆದುಕೊಂಡಿತೇ ಇಲ್ಲವೇ ಎಂಬುದನ್ನು ವರದಿಯಲ್ಲಿ ಬರೆಯಲಿ.

ಇಂತಿ,
ನಿವೃತ್ತ ಬ್ಯಾಕಪ್ ನಿರ್ವಾಹಕ