ದುಭಾಷಿಯಾಗಿದ್ದ ವಸಾಯಿಯ ಸಂತ

ಮಾನ್ಯ ಸಂಪಾದಕರೇ,

ಮುಂಬಯಿ ಸಮೀಪದ ವಸಾಯಿಯಲ್ಲಿ ಹುಟ್ಟಿ, ಜಪಾನಿನಲ್ಲಿ ವ್ಯಾಪಾರ ಮಾಡಿ, ಬಳಿಕ ಫ್ರಾನ್ಸಿಸ್ಕನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಸಹೋದರರಾಗಿ 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿ, 1862ರಲ್ಲಿ ಸಂತಪದವಿ ಪಡೆದ ಗೊನ್ಸಾಲೊ ಗಾರ್ಸಿಯಾ ಅವರನ್ನು ನಾವು ಹುತಾತ್ಮರೆಂದಷ್ಟೇ ಸ್ಮರಿಸುತ್ತೇವೆ. ಜಪಾನಿ ಭಾಷೆ ಬಲ್ಲ ಅವರು ತಮ್ಮ ಸಭೆಯ ಗುರುಗಳಿಗೆ ದುಭಾಷಿಯೂ ಆಗಿದ್ದರೆಂಬುದು, ಮುಂಬಯಿಯ ಕನ್ನಡಿಗನಾದ ನನಗೆ, ಇನ್ನೂ ಹತ್ತಿರದ ಸಂಗತಿ. ಕ್ಯಾಥೊಲಿಕ್ ಬಿಷಪರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲೇ ಪೂಜಾವಿಧಿಯಲ್ಲಿ ಜನಭಾಷೆಗಳಿಗೆ ಅವಕಾಶ ನೀಡಿದ್ದರೂ, ನಮ್ಮ ಬಡಾವಣೆಯ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇಂಗ್ಲಿಷ್, ಕೊಂಕಣಿ ಇಲ್ಲವೇ ಮರಾಠಿಯಲ್ಲೇ ನಡೆಯುತ್ತದೆ. (ಕ್ರೈಸ್ತರೆಲ್ಲರ ಮನೆಮಾತು ಕೊಂಕಣಿಯೆಂಬ ನಂಬಿಕೆ ಇಲ್ಲಿ ಬಲವಾಗಿದೆ, ನನ್ನ ಮನೆಮಾತು ಕೊಂಕಣಿ ಅಲ್ಲ.) ಮೊಬೈಲಿನಲ್ಲಿ ಕನ್ನಡ ಪೂಜೆ ನೋಡಬಹುದೆನ್ನುತ್ತಾರೆ, ಆದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವು ಪರದೆಯಿಂದ ಕೈಗೆ ಬರುವುದಿಲ್ಲ. ತಿಂಗಳಿಗೊಂದು ಭಾನುವಾರವಾದರೂ ಕನ್ನಡ ಪೂಜೆಗೆ ಧರ್ಮಗುರುಗಳು ಅನುವು ಮಾಡಿಕೊಡಲೆಂದು ಕೋರುತ್ತೇನೆ.

— ಓರ್ವ ಓದುಗ, ಮುಂಬಯಿ