ಆಟಗಾರರ ಕೈಗೆ ಕುಂಚವೂ ಸಿಗಲಿ

ಮಾನ್ಯರೇ,

ಕ್ರೀಡಾ ಕೋಟಾದಲ್ಲಿ ಕಾಲೇಜು ಸೇರಿದವರನ್ನು ನಾವು ಬರೀ ಪದಕದಿಂದ ಅಳೆಯುತ್ತೇವೆ, ಅವರೊಳಗಿನ ಬೇರೆ ಆಸೆಗಳನ್ನು ಯಾರೂ ವಿಚಾರಿಸುವುದಿಲ್ಲ.

ಅಮೆರಿಕದ ಎರ್ನಿ ಬಾರ್ನ್ಸ್ ಅವರನ್ನೇ ನೋಡಿ. ಡರ್ಹಮ್‌ನ ಕಾಲೇಜಿಗೆ ಸೇರಿದ್ದು ಅಮೆರಿಕನ್ ಫುಟ್‌ಬಾಲ್‌ಗೆ ಸಿಕ್ಕ ವಿದ್ಯಾರ್ಥಿವೇತನದ ಮೇಲೆ, ಓದಿದ್ದು ಚಿತ್ರಕಲೆ. ಮುಂದೆ ವೃತ್ತಿಪರ ತಂಡಗಳಲ್ಲಿ ಆಡುವಾಗಲೂ ಗೀಚುವುದನ್ನು ಬಿಡಲಿಲ್ಲ. 1960ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಮಾಲೀಕರು ಅವರಿಗೆ ಆಟಗಾರನ ಸಂಬಳವನ್ನೇ ಕೊಟ್ಟು, ಚಿತ್ರ ಬರೆಯಲು ಹಚ್ಚಿದರು. ಎಂಥ ದೊಡ್ಡ ಮನಸ್ಸು! ಬಾರ್ನ್ಸ್ ಚಿತ್ರಗಳಲ್ಲಿ ಕೈಕಾಲು ಉದ್ದುದ್ದ ಚಾಚಿ, ಮೈ ಬಳುಕುತ್ತದೆ. ಮೈದಾನದಲ್ಲಿ ದೇಹ ದಣಿಸಿದವರಿಗೆ ಮಾತ್ರ ಆ ಚಲನೆ ಹಾಗೆ ಕಾಣುತ್ತದೆ ಅಲ್ವಾ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅವರೇ ಅಧಿಕೃತ ಕ್ರೀಡಾ ಚಿತ್ರಕಾರ. ಅವರು 2009ರಲ್ಲಿ ತೀರಿಕೊಂಡರು. 2022ರಲ್ಲಿ ಅವರ ‘ದಿ ಶುಗರ್ ಶ್ಯಾಕ್’ ಚಿತ್ರ ಒಂದೂವರೆ ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಗೆ ಹರಾಜಾಯಿತು.

ಗಾಯವಾದರೆ ಆಟ ಒಂದೇ ದಿನದಲ್ಲಿ ಮುಗಿಯಬಹುದು. ನಮ್ಮ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿಗಳಿಗೆ ಚಿತ್ರಕಲೆ, ಸಂಗೀತ, ನಾಟಕ ಕಲಿಯುವ ಅವಕಾಶ ಕೊಡಲಿ. ತರಗತಿಯ ವೇಳೆಯನ್ನು ಅವರ ಅಭ್ಯಾಸಕ್ಕೆ ಅಡ್ಡಿಯಾಗದಂತೆ ಹೊಂದಿಸಲಿ.

— ಒಬ್ಬ ಓದುಗ, ಧಾರವಾಡ