ದೂರು: ವೆರಿಫೈಡ್ ಅಂತ ಟಿಕ್ ಹಾಕಿರೋ ನೋಟ್ಸ್‌ನಲ್ಲಿ ಔಷಧಿ ಡೋಸ್ ಸಾವಿರ ಪಟ್ಟು ತಪ್ಪಿದೆ, ದಯವಿಟ್ಟು ಯಾರಾದ್ರೂ ಮನುಷ್ಯರು ಓದಿ

ಕಸ್ಟಮರ್ ಸಪೋರ್ಟ್‌ನೋರಿಗೆ ನಮಸ್ಕಾರ,

ನಿಮ್ಮ ನೋಟ್ಸ್ ಆ್ಯಪ್‌ನ ಗ್ರೂಪ್ ಪ್ಲಾನ್ ತಗೊಂಡಿರೋ ಸ್ಟೂಡೆಂಟ್ಸ್ ಪರವಾಗಿ ಇದನ್ನ ಬರೀತಾ ಇದೀನಿ. ನಾವು ಬೇರೆ ಬೇರೆ ಡಿಪಾರ್ಟ್‌ಮೆಂಟ್‌ನೋರು, ನಾನು ನರ್ಸಿಂಗ್, ಉಳಿದೋರು ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್, ಹಿಸ್ಟರಿ ಹೀಗೆ. ಎಲ್ಲಾ ಸಬ್ಜೆಕ್ಟ್ ಒಂದೇ ಕಡೆ ಸಿಗುತ್ತೆ, ಎಲ್ಲದನ್ನೂ ಆಯಾ ವಿಷಯ ಗೊತ್ತಿರೋರು ಚೆಕ್ ಮಾಡಿರ್ತಾರೆ ಅಂತ ನೀವು ಹೇಳಿದ್ದಕ್ಕೇ ಒಂದೇ ಸಲ ಇಡೀ ವರ್ಷದ ದುಡ್ಡು ಕಟ್ಟಿದ್ವಿ. ನೋಟ್ಸ್ ಅಂದ್ಮೇಲೆ ಅಲ್ಲೊಂದು ಇಲ್ಲೊಂದು ಸ್ಪೆಲ್ಲಿಂಗ್ ತಪ್ಪು ಇದ್ದೇ ಇರುತ್ತೆ, ಅದಕ್ಕೆಲ್ಲ ಕೂತು ಪತ್ರ ಬರೆಯೋಷ್ಟು ಪುರುಸೊತ್ತು ಯಾರಿಗೂ ಇಲ್ಲ. ನನ್ನ ದೂರು ಇರೋದು ಪ್ರತಿ ಫೈಲ್ ಪಕ್ಕದಲ್ಲಿ ನೀವು ಹಾಕೋ ಆ ಹಸಿರು ವೆರಿಫೈಡ್ ಟಿಕ್ ಬಗ್ಗೆ. ಅದನ್ನ ಯಾರೂ ಓದದೆ ಹಾಕ್ತಾ ಇದೀರ ಅಂತ ನಮಗೆ ಖಾತ್ರಿ ಆಗಿದೆ.

ಮೊದಲು ಅರ್ಜೆಂಟ್ ಇರೋದು ಹೇಳ್ತೀನಿ. ಫಾರ್ಮಕಾಲಜಿ ನೋಟ್ಸ್‌ನಲ್ಲಿ ಹೃದಯದ ಔಷಧಿಗಳ ಚಾಪ್ಟರ್ ತೆಗೀರಿ, ಡಿಗಾಕ್ಸಿನ್ ಮಾತ್ರೆ 125 ಮಿಲಿಗ್ರಾಂ ಅಂತ ಇದೆ. ಅದು 125 ಮೈಕ್ರೋಗ್ರಾಂ ಇರಬೇಕು, ಅಂದ್ರೆ 0.125 ಮಿಲಿಗ್ರಾಂ. ಸಾವಿರ ಪಟ್ಟು ವ್ಯತ್ಯಾಸ ಸ್ವಾಮಿ. ಡಿಗಾಕ್ಸಿನ್ ಎಂಥಾ ಔಷಧಿ ಅಂದ್ರೆ ಗುಣ ಮಾಡೋ ಪ್ರಮಾಣಕ್ಕೂ ವಿಷ ಆಗೋ ಪ್ರಮಾಣಕ್ಕೂ ಮಧ್ಯೆ ಇರೋ ಅಂತರ ತುಂಬಾ ಕಮ್ಮಿ, ದೊಡ್ಡೋರಿಗೆ ಕೊಡೋ ಮುಂಚೆ ಪೂರ್ತಿ ಒಂದು ನಿಮಿಷ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ಬಡಿತ ಎಣಿಸಬೇಕು, 60ಕ್ಕಿಂತ ಕಮ್ಮಿ ಇದ್ರೆ ಮಾತ್ರೆ ಕೊಡದೆ ಡಾಕ್ಟರಿಗೆ ಹೇಳಬೇಕು ಅಂತ ನಮಗೆ ಬಾಯಿಪಾಠ ಮಾಡಿಸ್ತಾರೆ. ಅಂಥಾ ಔಷಧಿಗೆ ನಿಮ್ಮ ನೋಟ್ಸ್‌ನಲ್ಲಿ ಈ ಲೆಕ್ಕ. ಥೈರಾಯ್ಡ್ ಚಾಪ್ಟರ್‌ನಲ್ಲೂ ಇದೇ ಕಥೆ, ಲೆವೋಥೈರಾಕ್ಸಿನ್ 50 ಮಿಲಿಗ್ರಾಂ ಅಂತೆ. ಅದೂ ಮೈಕ್ರೋಗ್ರಾಂನಲ್ಲಿ ಬರೋ ಮಾತ್ರೆ. ಇನ್ನೂ ಚೆಂದ ಏನಂದ್ರೆ ಡಿಗಾಕ್ಸಿನ್ ಇರೋ ಅದೇ ಪುಟದ ಕೆಳಗಡೆ ಒಂದು ಟೇಬಲ್ ಇದೆ, ಅದರಲ್ಲಿ 0.125 ಮಿಲಿಗ್ರಾಂ ಅಂತ ಸರಿಯಾಗೇ ಇದೆ. ಮೇಲೆ ಒಂದು, ಕೆಳಗೆ ಒಂದು, ಮಧ್ಯದಲ್ಲಿ ನಾಲ್ಕು ಬೆರಳು ಜಾಗ. ಒಂದು ಸಲ ಕಣ್ಣಾಡಿಸಿದ್ರೂ ಸಿಕ್ಕಿಬೀಳೋ ತಪ್ಪು ಇದು.

ಇದು ಹೇಗಾಯ್ತು ಅಂತ ಕಂಡುಹಿಡಿದಿದ್ದು ನಮ್ಮ ಗುಂಪಿನ ಕಂಪ್ಯೂಟರ್ ಸೈನ್ಸ್ ಹುಡುಗಿ. ಹಳೇ ಫೈಲ್‌ಗಳಲ್ಲಿ ಗ್ರೀಕ್ ಅಕ್ಷರಗಳನ್ನ ಸಿಂಬಲ್ ಅನ್ನೋ ಫಾಂಟ್‌ನಲ್ಲಿ ಟೈಪ್ ಮಾಡಿರ್ತಾರೆ, ಅದರಲ್ಲಿ ಇಂಗ್ಲಿಷ್ ಎಮ್ ಒತ್ತಿದ್ರೆ ಮ್ಯೂ ಬರುತ್ತೆ, ಎ ಒತ್ತಿದ್ರೆ ಆಲ್ಫಾ, ಬಿ ಒತ್ತಿದ್ರೆ ಬೀಟಾ. ಫೈಲನ್ನ ಪಿಡಿಎಫ್‌ಗೋ ಇನ್ಯಾವುದಕ್ಕೋ ಕನ್ವರ್ಟ್ ಮಾಡುವಾಗ ಆ ಫಾಂಟ್ ಬಿದ್ದುಹೋದ್ರೆ ಒಳಗಡೆ ಇದ್ದ ಇಂಗ್ಲಿಷ್ ಅಕ್ಷರ ಹಾಗೇ ಮೇಲೆ ಬಂದು ಕೂರುತ್ತೆ. ಮೈಕ್ರೋಗ್ರಾಂನ ಚಿಹ್ನೆಯಲ್ಲಿರೋ ಮ್ಯೂ ಹೋಗಿ ಎಮ್ ಬಂತು, ಅಲ್ಲಿಗೆ ಮೈಕ್ರೋಗ್ರಾಂ ಮಿಲಿಗ್ರಾಂ ಆಯ್ತು. ಇದು ಊಹೆ ಅಲ್ಲ, ಅದೇ ಫೈಲ್‌ನಲ್ಲಿ ಬೀಟಾ ಬ್ಲಾಕರ್ ಅಂತ ಇರಬೇಕಾದ ಕಡೆಯೆಲ್ಲಾ ಬಿ ಬ್ಲಾಕರ್ ಅಂತಿದೆ, ಆಲ್ಫಾ ರಿಸೆಪ್ಟರ್ ಇರೋ ಕಡೆ ಎ ರಿಸೆಪ್ಟರ್ ಅಂತಿದೆ. ಅಕ್ಷರದ ಬದಲು ಖಾಲಿ ಬಾಕ್ಸ್ ಬಂದಿದ್ರೆ ಇಲ್ಲೇನೋ ಹೋಗಿದೆ ಅಂತ ಓದೋರಿಗೆ ಗೊತ್ತಾಗಿಬಿಡ್ತಿತ್ತು. ಇಲ್ಲಿ ನೋಡೋಕೆ ಎಲ್ಲಾ ನೀಟಾಗಿದೆ, ಅದೇ ಅಪಾಯ. ಮೈಕ್ರೋಗ್ರಾಂ ಬರೆಯೋಕೆ ಮ್ಯೂ ಚಿಹ್ನೆ ಬಳಸಬೇಡಿ, ಅದು ಎಮ್ ಥರ ಕಾಣುತ್ತೆ ಅಂತ ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸೇಫ್ ಮೆಡಿಕೇಷನ್ ಪ್ರಾಕ್ಟಿಸಸ್‌ನೋರು ತಮ್ಮ ಎಚ್ಚರಿಕೆ ಪಟ್ಟಿಯಲ್ಲೇ ಹಾಕಿದ್ದಾರೆ, ಅಂದ್ರೆ ಈ ಗೊಂದಲ ಹೊಸದೇನಲ್ಲ, ಫಾರ್ಮಕಾಲಜಿ ಓದಿರೋರು ಒಬ್ರು ನಿಮ್ಮಲ್ಲಿ ಇದ್ದಿದ್ರೆ ಮೊದಲು ನೋಡ್ತಿದ್ದಿದ್ದೇ ಡೋಸ್‌ನ.

ಇದಾದ ಮೇಲೆ ನಮ್ಮೋರೆಲ್ಲ ಅವರವರ ಸಬ್ಜೆಕ್ಟ್ ನೋಟ್ಸ್ ತೆಗೆದು ಕೂತ್ರು. ಫಿಸಿಕ್ಸ್‌ನಲ್ಲಿ ಘಾತಗಳೆಲ್ಲ ಕೆಳಗೆ ಬಿದ್ದಿವೆ. ಪ್ಲಾಂಕ್ ಸ್ಥಿರಾಂಕ 6.626 ಇಂಟು 10ರ ಮೈನಸ್ 34ನೇ ಘಾತ ಅಲ್ವಾ, ನಿಮ್ಮ ನೋಟ್ಸ್‌ನಲ್ಲಿ 6.626 ಇಂಟು 1034 ಅಂತಿದೆ, ಮೈನಸ್ಸೂ ಇಲ್ಲ ಘಾತವೂ ಇಲ್ಲ, ಸಾವಿರದ ಮೂವತ್ನಾಲ್ಕು ಅಂತ ಓದ್ಕೋಬೇಕು. ತಮಾಷೆ ಅಂದ್ರೆ ಸಾಲ್ವ್ಡ್ ಪ್ರಾಬ್ಲಮ್‌ನ ಕೊನೇ ಉತ್ತರ ಮಾತ್ರ ಕರೆಕ್ಟಾಗಿದೆ. ಮಧ್ಯದ ಯಾವ ಸಾಲಿಂದಾನೂ ಆ ಉತ್ತರ ಬರೋಕೆ ಸಾಧ್ಯ ಇಲ್ಲ. ಹೊಸದಾಗಿ ಕಲೀತಾ ಇರೋರು ರಾತ್ರಿಯೆಲ್ಲ ಕೂತು ನನಗೇ ಲೆಕ್ಕ ಬರ್ತಿಲ್ಲವೇನೋ ಅಂತ ತಲೆ ಕೆಡಿಸ್ಕೊಳ್ತಾರೆ, ನೋಟ್ಸ್ ತಪ್ಪಿರಬಹುದು ಅಂತ ಅನ್ಸೋದೇ ಇಲ್ಲ, ಯಾಕಂದ್ರೆ ಪಕ್ಕದಲ್ಲಿ ನಿಮ್ಮ ಹಸಿರು ಟಿಕ್ ಇದೆಯಲ್ಲ. ಪೈಥಾನ್ ನೋಟ್ಸ್‌ದೂ ಅದೇ ಥರ, ಕೋಡ್‌ನ ಸಾಲುಗಳೆಲ್ಲ ಎಡಗಡೆಗೆ ಅಂಟ್ಕೊಂಡಿವೆ. ಬೇರೆ ಭಾಷೆ ಆಗಿದ್ರೆ ಬರೀ ನೋಡೋಕೆ ಕೆಟ್ಟದಾಗಿದೆ ಅಂತ ಬಿಡಬಹುದಿತ್ತು, ಪೈಥಾನ್‌ನಲ್ಲಿ ಯಾವ ಸಾಲು ಲೂಪ್ ಒಳಗಿದೆ ಯಾವುದು ಹೊರಗಿದೆ ಅಂತ ಹೇಳೋದೇ ಆ ಖಾಲಿ ಜಾಗ, ಅದು ಹೋದ್ರೆ ಕೋಡ್ ರನ್ನೇ ಆಗಲ್ಲ.

ಇವೆಲ್ಲ ಕನ್ವರ್ಟ್ ಮಾಡುವಾಗ ಆದ ಎಡವಟ್ಟು ಅಂತ ಇಟ್ಕೊಳ್ಳೋಣ. ಇನ್ನು ಕೆಲವು ಬರೆದೋರೇ ತಪ್ಪು ಬರೆದಿರೋದು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಪಿ ವ್ಯಾಲ್ಯೂ ಅಂದ್ರೆ ನಲ್ ಹೈಪಾಥಿಸಿಸ್ (ಯಾವ ಪರಿಣಾಮವೂ ಇಲ್ಲ, ವ್ಯತ್ಯಾಸವೂ ಇಲ್ಲ ಅನ್ನೋ ಥರದ ಊಹೆ) ನಿಜ ಆಗಿರೋ ಸಂಭವನೀಯತೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದೀರ. ಅದಲ್ಲ. ನಲ್ ಹೈಪಾಥಿಸಿಸ್ ನಿಜ ಅಂತ ಅಂದುಕೊಂಡ್ರೆ, ನಮಗೆ ಸಿಕ್ಕಿರೋ ಅಷ್ಟೇ ಅಥವಾ ಅದಕ್ಕಿಂತ ವಿಪರೀತದ ಫಲಿತಾಂಶ ಬರೋ ಸಂಭವನೀಯತೆ ಎಷ್ಟು ಅನ್ನೋದು ಪಿ ವ್ಯಾಲ್ಯೂ. ಈ ತಪ್ಪು ಎಷ್ಟು ಹಬ್ಬಿದೆ ಅಂದ್ರೆ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಇದಕ್ಕೋಸ್ಕರಾನೇ ಒಂದು ಹೇಳಿಕೆ ಹೊರಡಿಸಬೇಕಾಯ್ತು. ಅಲ್ಗಾರಿದಮ್ಸ್‌ನಲ್ಲಿ ಪಟ್ಟಿಯನ್ನ ಕ್ರಮವಾಗಿ ಜೋಡಿಸೋ ಕ್ವಿಕ್ ಸಾರ್ಟ್ ವಿಧಾನಕ್ಕೆ, ಎನ್ ಸಂಖ್ಯೆಗಳಿದ್ರೆ, ಅತಿ ಕೆಟ್ಟ ಸಂದರ್ಭದಲ್ಲೂ ಹಿಡಿಯೋ ಸಮಯ ಎನ್ ಲಾಗ್ ಎನ್ ಅಂತ ಬರೆದಿದೀರ, ಅದು ಸರಾಸರಿಯದ್ದು, ಕೆಟ್ಟ ಸಂದರ್ಭದಲ್ಲಿ ಎನ್ ಸ್ಕ್ವೇರ್ ಆಗುತ್ತೆ, ಅದೂ ನೀವೇ ಕೊಟ್ಟಿರೋ ಕೋಡ್‌ನಲ್ಲಿ ಮೊದಲನೇ ಸಂಖ್ಯೆನೇ ಪಿವಟ್ (ಉಳಿದವನ್ನ ಹೋಲಿಸಿ ಭಾಗ ಮಾಡೋ ಸಂಖ್ಯೆ) ಆಗಿರೋದ್ರಿಂದ ಆಗಲೇ ಜೋಡಿಸಿರೋ ಪಟ್ಟಿ ಕೊಟ್ರೆ ಸಾಕು. ಎಕನಾಮಿಕ್ಸ್‌ನಲ್ಲಿ ಬೆಲೆ ಇಳಿದಿದ್ದಕ್ಕೆ ಇಡೀ ಡಿಮ್ಯಾಂಡ್ ರೇಖೆನೇ ಬಲಕ್ಕೆ ತಳ್ಳಿದೀರ. ಬೆಲೆ ಬದಲಾದ್ರೆ ಅದೇ ರೇಖೆ ಮೇಲೆ ಸರಿಯೋದು ಅಷ್ಟೇ, ರೇಖೆ ಸರಿಯಲ್ಲ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಫಸ್ಟ್ ಇಯರ್‌ನೋರನ್ನ ಕೇಳಿದ್ರೂ ಹೇಳ್ತಾರೆ.

ಆಮೇಲೆ ಈ ವರ್ಷದ ಸಿಲಬಸ್‌ಗೆ ಅಪ್‌ಡೇಟ್ ಆಗಿದೆ ಅನ್ನೋ ಲೇಬಲ್. ಯಾವುದಪ್ಪಾ ಅಪ್‌ಡೇಟು? ಕೆಮಿಸ್ಟ್ರಿ ನೋಟ್ಸ್‌ನಲ್ಲಿ 118ನೇ ಮೂಲವಸ್ತು ಇನ್ನೂ ಉನುನಾಕ್ಟಿಯಂ, ಅದಕ್ಕೆ ಓಗನೆಸಾನ್ ಅಂತ ಹೆಸರು ಬಂದಿದ್ದು 2016ರಲ್ಲಿ. ಕಿಲೋಗ್ರಾಂ ಅಂದ್ರೆ ಪ್ಯಾರಿಸ್ ಹತ್ತಿರ ಇಟ್ಟಿರೋ ಪ್ಲಾಟಿನಂ ಇರಿಡಿಯಂ ಗಟ್ಟಿ ಅಂತ ಬರೆದಿದೆ, 2019ರ ಮೇ 20ರಿಂದ ಆ ಗಟ್ಟಿಗೂ ಕಿಲೋಗ್ರಾಂನ ವ್ಯಾಖ್ಯೆಗೂ ಸಂಬಂಧಾನೇ ಇಲ್ಲ, ಈಗ ಅದು ನಿಂತಿರೋದು ಪ್ಲಾಂಕ್ ಸ್ಥಿರಾಂಕದ ಮೇಲೆ, ಅದೇ ನೀವು 1034 ಮಾಡಿಟ್ಟಿರೋ ಸ್ಥಿರಾಂಕ. ಫೈಲ್ ಹೆಸರಲ್ಲಿ ಇಸವಿ ಬದಲಾಯಿಸೋದನ್ನ ಅಪ್‌ಡೇಟ್ ಅನ್ನಲ್ಲ.

ಇನ್ನೊಂದು ಥರ ಇದೆ, ಅದನ್ನ ಪೂರ್ತಿ ತಪ್ಪು ಅನ್ನಕ್ಕಾಗಲ್ಲ, ಆದ್ರೆ ಸ್ಟೂಡೆಂಟ್‌ಗೆ ಅದೇ ಜಾಸ್ತಿ ಹೊಡೆತ. ಥರ್ಮೋಡೈನಮಿಕ್ಸ್‌ನ ಮೊದಲನೇ ನಿಯಮ ಒಂದು ಪುಟದಲ್ಲಿ ಡೆಲ್ಟಾ ಯು (ಒಳಗಿನ ಶಕ್ತಿಯ ಬದಲಾವಣೆ) ಅಂದ್ರೆ ಕ್ಯೂ (ಶಾಖ) ಮೈನಸ್ ಡಬ್ಲ್ಯೂ (ಕೆಲಸ), ಎರಡು ಪುಟ ಬಿಟ್ಟು ಕ್ಯೂ ಪ್ಲಸ್ ಡಬ್ಲ್ಯೂ. ಎರಡೂ ಸರಿಯೇ, ವ್ಯವಸ್ಥೆ ಮಾಡೋ ಕೆಲಸಾನ ಡಬ್ಲ್ಯೂ ಅಂದ್ರೆ ಮೈನಸ್, ವ್ಯವಸ್ಥೆ ಮೇಲೆ ಮಾಡೋ ಕೆಲಸ ಅಂದ್ರೆ ಪ್ಲಸ್, ಫಿಸಿಕ್ಸ್‌ನೋರು ಸಾಮಾನ್ಯವಾಗಿ ಮೊದಲನೇದು, ಕೆಮಿಸ್ಟ್ರಿಯೋರು ಎರಡನೇದು ಬಳಸ್ತಾರೆ. ಯಾರೋ ಇಬ್ಬರ ನೋಟ್ಸ್ ಕತ್ತರಿಸಿ ಅಂಟಿಸಿದೀರ, ಮಧ್ಯೆ ಒಂದು ಸಾಲು ವಿವರಣೆ ಇಲ್ಲ. ಹಿಸ್ಟರಿಯಲ್ಲೂ ಹೀಗೇ ಆಗಿದೆ. ರಷ್ಯಾದ ಅಕ್ಟೋಬರ್ ಕ್ರಾಂತಿ ಒಂದು ಕಡೆ 1917ರ ಅಕ್ಟೋಬರ್ 25, ಇನ್ನೊಂದು ಕಡೆ ನವೆಂಬರ್ 7. ರಷ್ಯಾ ಆಗ ಇನ್ನೂ ಜೂಲಿಯನ್ ಕ್ಯಾಲೆಂಡರ್‌ನಲ್ಲಿತ್ತು, 1918ರಲ್ಲಿ ಗ್ರೆಗೋರಿಯನ್‌ಗೆ ಬಂತು, ಹದಿಮೂರು ದಿನದ ವ್ಯತ್ಯಾಸ, ಅಷ್ಟೇ ವಿಷಯ. ಅದನ್ನ ಹೇಳದೆ ಬಿಟ್ಟು, ಚಾಪ್ಟರ್ ಕೊನೇಲಿ ಕ್ವಿಜ್ ಇಟ್ಟು, ನವೆಂಬರ್ 7 ಅಂತ ಒತ್ತಿದ್ರೆ ಕೆಂಪು ಅಡ್ಡಗೆರೆ ಹಾಕ್ತೀರ! ನಿಮ್ಮದೇ ನೋಟ್ಸ್‌ನ ಹಿಂದಿನ ಪುಟದಲ್ಲಿರೋ ಉತ್ತರ ಅದು.

ಎಲ್ಲಾ ಕೆಟ್ಟದಾಗಿದೆ ಅಂತ ನಾನು ಹೇಳ್ತಿಲ್ಲ. ಲೀನಿಯರ್ ಆಲ್ಜೀಬ್ರಾ ನೋಟ್ಸ್ ನಿಜವಾಗ್ಲೂ ಚೆನ್ನಾಗಿದೆ, ಯಾರೋ ಪಾಠ ಮಾಡಿ ಪಳಗಿರೋರು ಕೈಯಲ್ಲಿ ಬರೆದಿರೋದು, ಪ್ರತಿ ಪ್ರಮೇಯದ ಪಕ್ಕ ಯಾಕೆ ಹೀಗೆ ಅಂತ ಸಣ್ಣ ಅಕ್ಷರದಲ್ಲಿ ವಿವರಣೆ ಇದೆ. ಆದ್ರೆ ಪುಟದ ಮೂಲೇಲಿ ಇದ್ದ ಹೆಸರನ್ನ ಬಿಳಿ ಪಟ್ಟಿ ಹಾಕಿ ಮುಚ್ಚಿ ನಿಮ್ಮ ಲೋಗೋ ಹೊಡೆದಿದೀರ. ಬರೆದೋರಿಗೆ ಇದು ಗೊತ್ತಾ? ಅವರು ಒಪ್ಪಿಗೆ ಕೊಟ್ಟಿದ್ರೆ ಹೆಸರು ಹಾಕೋಕೆ ಏನು ಕಷ್ಟ?

ತಪ್ಪು ಹೇಳೋಕೆ ನೀವು ಒಂದು ರಿಪೋರ್ಟ್ ಬಟನ್ ಕೊಟ್ಟಿದೀರ ನಿಜ. ಅದನ್ನ ಒತ್ತೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೇನೇ. ಧನ್ಯವಾದ ನಿಮ್ಮ ಫೀಡ್‌ಬ್ಯಾಕ್ ನಮಗೆ ಮುಖ್ಯ ಅಂತ ಬರುತ್ತೆ, ಫೈಲ್ ಹಾಗೇ ಇರುತ್ತೆ, ಟಿಕ್ಕೂ ಹಾಗೇ ಇರುತ್ತೆ. ಚಾಟ್‌ಗೆ ಹೋದ್ರೆ ಬಾಟ್ ಕೇಳುತ್ತೆ ಪಾಸ್‌ವರ್ಡ್ ಸಮಸ್ಯೆನಾ ಪೇಮೆಂಟ್ ಸಮಸ್ಯೆನಾ ಡೌನ್‌ಲೋಡ್ ಸಮಸ್ಯೆನಾ ಅಂತ, ನೋಟ್ಸ್ ತಪ್ಪಿದೆ ಅನ್ನೋ ಆಪ್ಷನ್ನೇ ಇಲ್ಲ. ರೀಫಂಡ್ ಕೇಳಿದ್ದಕ್ಕೆ ಒಂದು ಫೈಲ್ ಡೌನ್‌ಲೋಡ್ ಆದ್ಮೇಲೆ ದುಡ್ಡು ವಾಪಸ್ ಇಲ್ಲ ಅಂತ ಉತ್ತರ. ಡೌನ್‌ಲೋಡ್ ಮಾಡದೆ ಒಳಗಿರೋ ತಪ್ಪು ಗೊತ್ತಾಗೋದು ಹೇಗೆ ಹೇಳಿ? ಪ್ರಿವ್ಯೂನಲ್ಲಿ ತೋರಿಸೋದು ಮೊದಲ ಮೂರು ಪುಟ, ಅದರಲ್ಲಿ ಒಂದು ಕವರ್, ಒಂದು ಪರಿವಿಡಿ.

ನಮ್ಮ ಗುಂಪಿನಲ್ಲಿ ಒಬ್ಬರಿಗೆ ದೃಷ್ಟಿ ಕಮ್ಮಿ, ಸ್ಕ್ರೀನ್ ರೀಡರ್ ಹಾಕ್ಕೊಂಡು ಕೇಳಿಸ್ಕೊಂಡು ಓದ್ತಾರೆ. ನಿಮ್ಮ ಬಯಾಲಜಿ ನೋಟ್ಸ್ ಪೂರ್ತಿ ಸ್ಕ್ಯಾನ್ ಮಾಡಿದ ಫೋಟೋ, ಒಳಗೆ ಪಾಠದ ಟೆಕ್ಸ್ಟೇ ಇಲ್ಲ, ಸ್ಕ್ರೀನ್ ರೀಡರ್‌ಗೆ ಪಾಠದ ಒಂದು ಪದಾನೂ ಸಿಗಲ್ಲ. ಟೆಕ್ಸ್ಟ್ ಅಂತ ಅದು ಓದೋದು ಒಂದನ್ನೇ, ಡೌನ್‌ಲೋಡ್ ಮಾಡಿದೋರ ಈಮೇಲ್ ಹಾಕಿ ಪ್ರತಿ ಪುಟದ ಮೇಲೂ ನೀವು ಓರೆಯಾಗಿ ಹೊಡೆಯೋ ವಾಟರ್‌ಮಾರ್ಕ್. ಅಂದ್ರೆ ಅವರು ದುಡ್ಡು ಕೊಟ್ಟು ಅಧ್ಯಾಯ ಪೂರ್ತಿ ಕೇಳಿಸ್ಕೊಂಡಿದ್ದು ತಮ್ಮದೇ ಈಮೇಲ್ ವಿಳಾಸ.

ಆ ವಾಟರ್‌ಮಾರ್ಕ್ ವಿಷಯಕ್ಕೇ ಬರ್ತೀನಿ. ಅದರಲ್ಲಿ ಯಾರು ಡೌನ್‌ಲೋಡ್ ಮಾಡಿದ್ರು, ಯಾವತ್ತು, ಎಷ್ಟು ಗಂಟೆಗೆ ಎಲ್ಲಾ ಇರುತ್ತೆ. ಅಂದ್ರೆ ಫಾರ್ಮಕಾಲಜಿ ಫೈಲ್ ಯಾರ್ಯಾರ ಹತ್ತಿರ ಇದೆ ಅಂತ ನಿಮ್ಮ ಹತ್ತಿರ ಪೂರ್ತಿ ಲೆಕ್ಕ ಇದೆ. ಹಾಗಾಗಿ ನಮ್ಮ ಮೊದಲನೇ ಬೇಡಿಕೆ, ಆ ಫೈಲನ್ನ ಇವತ್ತೇ ಇಳಿಸಿ, ಡೌನ್‌ಲೋಡ್ ಮಾಡಿರೋ ಪ್ರತಿಯೊಬ್ಬರಿಗೂ ಯಾವ ಪುಟದಲ್ಲಿ ಯಾವ ಔಷಧಿಯ ಡೋಸ್ ತಪ್ಪಿದೆ ಅಂತ ಸ್ಪಷ್ಟವಾಗಿ ಮೇಲ್ ಹಾಕಿ, ಹೊಸ ವರ್ಷನ್ ಬಂದಿದೆ ನೋಡಿ ಅಂತ ಮೆತ್ತಗೆ ಹೇಳಿ ಜಾರ್ಕೋಬೇಡಿ. ಗ್ರೀಕ್ ಅಕ್ಷರ ಇರೋ ಉಳಿದ ಫೈಲ್‌ಗಳನ್ನೂ ಮೂಲ ಪ್ರತಿ ಪಕ್ಕದಲ್ಲಿಟ್ಕೊಂಡು ಯಾರಾದ್ರೂ ಕೂತು ನೋಡಬೇಕು, ಇದು ಸಾಫ್ಟ್‌ವೇರ್‌ಗೆ ಬಿಡೋ ಕೆಲಸ ಅಲ್ಲ, ಯಾಕಂದ್ರೆ ಅದಕ್ಕೆ ಮಿಲಿಗ್ರಾಂ ಅಂತಿದ್ರೆ ತಪ್ಪು ಅಂತ ಅನ್ಸೋದೇ ಇಲ್ಲ.

ಎರಡನೇದು, ಟಿಕ್ ಹಾಕೋದಾದ್ರೆ ಅದರ ಕೆಳಗೆ ಯಾರು ಚೆಕ್ ಮಾಡಿದ್ರು, ಅವರು ಯಾವ ವಿಷಯ ಓದಿದೋರು, ಯಾವ ತಾರೀಖು ಅಂತ ಹಾಕಿ. ಆಗಲ್ಲ ಅಂದ್ರೆ ಟಿಕ್ ತೆಗೀರಿ. ಯಾರೂ ಚೆಕ್ ಮಾಡಿಲ್ಲ ಅಂತ ಗೊತ್ತಿದ್ರೆ ನಾವೇ ಪುಸ್ತಕ ತೆಗೆದು ತಾಳೆ ನೋಡ್ಕೊಳ್ತೀವಿ, ಸೀನಿಯರ್ಸ್ ಕೊಡೋ ಜೆರಾಕ್ಸ್ ನೋಟ್ಸ್‌ನ ಹಾಗೇ ತಾನೇ ಓದೋದು.

ದುಡ್ಡಿನ ವಿಷಯ ಕೊನೆಗೆ. ವರ್ಷದಲ್ಲಿ ಉಳಿದಿರೋ ತಿಂಗಳುಗಳ ಮೊತ್ತ ಕಟ್ಟಿದ ಅಕೌಂಟ್‌ಗೇ ವಾಪಸ್ ಬರಬೇಕು, ವ್ಯಾಲೆಟ್ ಪಾಯಿಂಟ್ಸು, ಕೂಪನ್ನು ಬೇಡ. ಆಟೋ ರಿನ್ಯೂವಲ್ ಆಫ್ ಮಾಡೋ ಬಟನ್ ಆ್ಯಪ್‌ನಲ್ಲಿ ಎಷ್ಟು ಹುಡುಕಿದ್ರೂ ಸಿಗಲಿಲ್ಲ, ಈ ಪತ್ರಾನೇ ಅದಕ್ಕೆ ಲಿಖಿತ ಸೂಚನೆ ಅಂತ ತಗೊಳ್ಳಿ, ಇನ್ಮೇಲೆ ನಮ್ಮ ಕಾರ್ಡ್‌ನಿಂದ ಏನೂ ಕಟ್ ಆಗಬಾರದು.

ಮೇಲೆ ಹೇಳಿರೋ ಪ್ರತಿ ಪುಟದ ಸ್ಕ್ರೀನ್‌ಶಾಟ್ ಇದರ ಜೊತೆ ಇದೆ, ಫೈಲ್ ಹೆಸರು, ಪುಟ ಸಂಖ್ಯೆ ಸಮೇತ, ಡಿಗಾಕ್ಸಿನ್ ಪುಟ ಎಲ್ಲಕ್ಕಿಂತ ಮೇಲಿದೆ, ಮೊದಲು ಅದನ್ನ ತೆಗೀರಿ. ಉತ್ತರ ಈ ಮೇಲ್‌ಗೇ ಕೊಡಿ, ಮತ್ತೆ ಚಾಟ್ ಲಿಂಕ್ ಕಳಿಸಬೇಡಿ.

ಇಂತಿ,
ಗ್ರೂಪ್ ಪ್ಲಾನ್‌ನ ಚಂದಾದಾರರ ಪರವಾಗಿ,
ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ